ಗುಡ್ಡದ ತಾಯಿಗೆ ಉಡಿ

ನನ್ನ ಮೊದಲ ಮಗಳು ರಾಮದುರ್ಗದಲ್ಲಿ, ನನ್ನ ತವರಿನಲ್ಲಿ ಹುಟ್ಟಬೇಕಾಗಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂಬುದು ನಮ್ಮ ಕಡೆಯ ವಾಡಿಕೆ. ಬಟ್ಟೆಯ ಗಂಟು ಕಟ್ಟಿಕೊಂಡು, ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ಹೋಗಿ ಕುಳಿತೂ ಇದ್ದೆ. ಆದರೆ ಆ ವರ್ಷದ ಶ್ರಾವಣದ ಮಳೆ ನನ್ನ ಮಾತು ಕೇಳಲಿಲ್ಲ. ಮನೋಳಿಯಲ್ಲಿ ಹೊಳೆ ಸೇತುವೆಯ ಮೇಲೆ ಹರಿಯುತ್ತಿದೆ, ಆ ಕಡೆಗೆ ಯಾವ ಬಸ್ಸೂ ಬಿಡುವುದಿಲ್ಲ ಎಂದು ಬಸ್ ಸ್ಟ್ಯಾಂಡಿನವರು ಹೇಳಿದರು. ಮನೆಗೆ ಮರಳಿದೆವು. ಮರುದಿನ ಮುಂಜಾನೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ನನಗೆ ನೋವು ಶುರುವಾಯಿತು. ದಿನ ಇನ್ನೂ ತುಂಬಿರಲಿಲ್ಲ.

ಇದು ಎಪ್ಪತ್ತರ ದಶಕದ ನಡುಭಾಗದ ಮಾತು. ಊರ ಹೊರಗೆ ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಒಂದು ಸಣ್ಣ ದವಾಖಾನೆ ಇತ್ತು. ನಮ್ಮ ಮನೆಯವರು ನೆರೆಯವರ ಚಕ್ಕಡಿ ಹೂಡಿಸಿ, ಮೇಲೆ ತಾಡಪತ್ರಿ ಹೊದಿಸಿ, ನನ್ನನ್ನೂ ಅತ್ತೆಯನ್ನೂ ಅದರಲ್ಲಿ ಕೂಡಿಸಿಕೊಂಡು ಅಲ್ಲಿಗೆ ಹೊರಟರು. ದಾರಿಯುದ್ದಕ್ಕೂ ಅತ್ತೆ ಮಾತಾಡಲಿಲ್ಲ. ಅವರು ಹಾಗೆಯೇ. ಮಾವ ತೀರಿಕೊಂಡಾಗ ನಮ್ಮ ಮನೆಯವರು ಇನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ಕೂಸಂತೆ. ಒಬ್ಬರೇ ಹೊಲ ಮಾಡಿಸಿ, ಎಮ್ಮೆ ಕಟ್ಟಿ, ಮಗನನ್ನು ಬೆಳೆಸಿದ ಹೆಂಗಸು. ಹಣೆಯ ಮೇಲೆ ವಿಭೂತಿ, ಮೈಮೇಲೆ ಬಣ್ಣ ಮಾಸಿದ ಸೀರೆ, ಬಾಯಲ್ಲಿ ನಾಲ್ಕೇ ಮಾತು. ಮದುವೆಯಾಗಿ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಸಿಟ್ಟಿನವರಲ್ಲ, ಆದರೆ ಹತ್ತಿರ ಹೋಗಲು ನನಗೆ ಅಂಜಿಕೆ.

ದವಾಖಾನೆಯಲ್ಲಿ ಒಬ್ಬರೇ ಸಿಸ್ಟರ್ ಇದ್ದರು. ಕೇರಳದ ಕಡೆಯವರು, ಎಳೆಯ ಮುಖ, ದುಂಡನೆಯ ಕನ್ನಡಕ. ಕೈಕೆಳಗಿನ ಹೆಂಗಸು ಮಳೆಯಿಂದಾಗಿ ಬಂದಿರಲಿಲ್ಲ. ಹೀಗಾಗಿ ಅವರು ನಮ್ಮ ಮನೆಯವರನ್ನು ಹೊರಗೆ ಕಳಿಸಿ ಅತ್ತೆಯನ್ನು ಒಳಗೇ ಉಳಿಸಿಕೊಂಡರು. ನನ್ನ ಕೂಸು ಕಾಲು ಮುಂದಾಗಿ ಬಂತು. ಬಂದದ್ದು ಅಳಲಿಲ್ಲ.

ಆಗ ಏನಾಯಿತೆಂದು ನಾನು ಅರೆಬರೆ ಕಂಡದ್ದು. ಸಿಸ್ಟರ್ ಕೂಸನ್ನು ಅಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಿಕ್ಕುತ್ತಿದ್ದರು, ಬಾಯಿಗೆ ಬಾಯಿ ಇಟ್ಟು ಊದುತ್ತಿದ್ದರು. ಅತ್ತೆ ನನ್ನ ತಲೆಯ ಬಳಿ ನಿಂತಿದ್ದರು. ಎದುರಿನ ಗೋಡೆಗೆ ಒಂದು ಕ್ಯಾಲೆಂಡರ್ ಇತ್ತು, ಅದರಲ್ಲಿ ನೀಲಿ ಸೆರಗು ಹೊದ್ದ ತಾಯಿ ಮಗುವನ್ನು ಎತ್ತಿಕೊಂಡಿದ್ದಳು. ಅತ್ತೆ ಅದಕ್ಕೆ ಕೈ ಮುಗಿದು ಗಟ್ಟಿಯಾಗಿಯೇ ಅಂದರು:

"ಯವ್ವಾ, ನೀ ಯಾರೋ ನನಗ ಗೊತ್ತಿಲ್ಲ. ನೀನೂ ಕೂಸು ಎತ್ಕೊಂಡಾಕಿ. ಈ ಕೂಸು ಅಳೂ ಹಂಗ ಮಾಡು. ನಿನ್ನ ಗುಡಿ ಎಲ್ಲೇ ಇರಲಿ, ಹುಡುಕ್ಕೊಂಡು ಬಂದು ನಿನಗ ಉಡಿ ತುಂಬಸ್ತೇನಿ."

ಸಿಸ್ಟರ್ ಮತ್ತೊಮ್ಮೆ ಊದಿದರು. ಕೂಸು ಮೊದಲು ಬೆಕ್ಕಿನ ಮರಿಯಂತೆ ಸಣ್ಣಗೆ, ಆಮೇಲೆ ಇಡೀ ದವಾಖಾನೆ ಕೇಳುವಂತೆ ಅತ್ತಿತು. ಸಿಸ್ಟರ್ ಅದನ್ನು ಎತ್ತಿ ಹಿಡಿದು, "ಬಂದ! ಬಂದ! ಹೆಣ್ಣು ಬಂದ!" ಎಂದು ಕುಣಿದೇಬಿಟ್ಟರು. ಅವರ ಕನ್ನಡದಲ್ಲಿ ಗಂಡು ಹೆಣ್ಣು ಎರಡೂ ಒಂದೇ. ಅತ್ತೆ ಹೋಗಿ ಅವರ ಕೈ ಹಿಡಿದುಕೊಂಡು, "ಸಿಸ್ಟರವ್ವ, ಈ ತಾಯಿ ಗುಡಿ ಎಲ್ಲೈತಿ? ಹೇಳು ನನಗ" ಎಂದು ಕೇಳಿದರು. ಕೂಸಿನ ಮೈ ಇನ್ನೂ ಒರೆಸಿರಲಿಲ್ಲ.

ಸಿಸ್ಟರ್ ಹೇಳಿದ ಜಾಗ ಕಿತ್ತೂರಿನಾಚೆ, ದೇಗಾಂವದ ಕಡೆ ಹೊರಳಿ ಮುಂದೆ ಹೋದರೆ ಸಿಗುವ ಒಂದು ಗುಡ್ಡ. ಅದರ ನೆತ್ತಿಯ ಮೇಲೆ ಬಹಳ ಹಳೆಯ ಇಗರ್ಜಿ ಇದೆ, ಅಲ್ಲಿಯ ತಾಯಿ ಹಳಬಳು, ಸುತ್ತಲಿನ ಮಂದಿಯೆಲ್ಲ ನಡೆದುಕೊಳ್ಳುತ್ತಾರೆ ಎಂದರು. ಬಾಣಂತನ ಮುಗಿದು, ಸುಗ್ಗಿ ಮುಗಿದು, ಶಿವರಾತ್ರಿ ಹತ್ತಿರ ಬಂದಾಗ ಅತ್ತೆ ಒಂದು ದಿನ ಊಟಕ್ಕೆ ಕುಳಿತ ಮಗನಿಗೆ, "ನಾಡಿದ್ದ ಗುಡ್ಡಕ್ಕ ಹೋಗೂದೈತಿ. ಜಿನ್ನಿನಾಗ ರಜಾ ಕೇಳು" ಅಂದರು.

ನಮ್ಮ ಮನೆಯವರು ಹತ್ತಿಯ ಬೀಜ ಬಿಡಿಸುವ ಅರಳೆ ಜಿನ್ನಿನಲ್ಲಿ ಮೇಸ್ತ್ರಿ. "ಯಾವ ಗುಡ್ಡ? ಎಲ್ಲಮ್ಮನ ಗುಡ್ಡಕ್ಕ ಮೊನ್ನಿ ಹುಣ್ಣಿಮಿಗೆ ಹೋಗಿ ಬಂದೀಯಲ್ಲ?" ಎಂದರು.

"ಆಕೀದು ಆತು. ಇದು ಕೂಸಿನ ತಾಯೀದು."

ಓಣಿಯಲ್ಲಿ ಸುದ್ದಿ ಹಬ್ಬಿತು. ಎದುರು ಮನೆಯ ಹೆಂಗಸು ನೀರು ಸೇದುವ ನೆಪದಲ್ಲಿ ಬಂದು, "ಕಿರಿಸ್ತಾನರ ಗುಡಿಗೆ ಉಡಿ ಒಯ್ಯತೀರಂತ? ಅವರಲ್ಲಿ ಉಡಿ ಗಿಡಿ ಅಂದ್ರ ಏನಂತ ಗೊತ್ತರ ಐತೇನ್ರಿ?" ಎಂದು ಕೇಳಿದಳು. ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತದೆ, "ಗೊತ್ತಿರದಿದ್ರ ನಾ ಹೇಳ್ತೇನಿ" ಅಂದರು.

ಉಡಿಯ ಸಾಮಾನು ಕೂಡಿಸುವುದರಲ್ಲಿ ಎರಡು ದಿನ ಹೋಯಿತು. ಹಸಿರು ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಬೆಲ್ಲದ ಅಚ್ಚು. ಎಲ್ಲವನ್ನೂ ಮಡಿ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. "ನೋಡವಾ, ಹರಕಿ ನಂದು. ಆದ್ರ ನಾ ಗಂಡ ಇಲ್ಲದಾಕಿ, ಉಡಿ ಮುಟ್ಟೂ ಹಂಗಿಲ್ಲ. ತುಂಬೂದು ನೀನು. ನಾ ದೂರ ನಿಂತು ನೋಡ್ತೇನಿ" ಎಂದರು. ದನಕ್ಕೆ ಮೇವು ಹಾಕು ಅಂದ ಹಾಗೆ ಅಂದರು. ನಾನು ಹೂಂ ಅಂದೆ. ಅದರಲ್ಲಿ ಕೇಳುವುದೇನಿದೆ ಎಂದು ಆಗ ನನಗೂ ಹೊಳೆಯಲಿಲ್ಲ, ಊರೆಲ್ಲ ಹಾಗೆಯೇ ನಡೆಯುತ್ತಿತ್ತು.

ಹೋಳಿಗೆ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಡಿಗೆಯಲ್ಲಿ ಮೊಸರು. ಬುತ್ತಿಯ ಗಂಟು ಕೂಸಿಗಿಂತ ಭಾರವಾಯಿತು. ಮುಂಜಾನೆಯ ಬಸ್ಸಿಗೆ ಕಿತ್ತೂರಿಗೆ ಬಂದೆವು. ಅತ್ತೆ ಮೊದಲೇ ಹೇಳಿಕಳಿಸಿದ್ದರಿಂದ, ಹಿಂದಿನ ದಿನವೇ ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ ಸಿಸ್ಟರ್ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದರು, ಕೈಯಲ್ಲಿ ಒಂದು ಕೊಡೆ, ಬಗಲಲ್ಲಿ ಬಟ್ಟೆಯ ಚೀಲ. ಕೂಸನ್ನು ನನ್ನಿಂದ ಕಸಿದುಕೊಂಡು, "ಎಷ್ಟು ದಪ್ಪ ಆದ!" ಎಂದರು. ಕೂಸು ಅವರ ಕನ್ನಡಕ ಹಿಡಿದು ಎಳೆಯಿತು. ಗುಡ್ಡ ಹತ್ತಿ ಇಗರ್ಜಿ ಸೇರುವವರೆಗೂ ಅದು ಅವರ ತೋಳಿನಿಂದ ಇಳಿದದ್ದು ಹಾಲಿಗೆ ಮಾತ್ರ.

ಕಿತ್ತೂರಿನಿಂದ ಆಚೆಗೆ ಹಾಲಿನವನ ಟೆಂಪೋದಲ್ಲಿ ಹೋದೆವು. ನಮ್ಮ ಬೈಲಹೊಂಗಲದ ಕಡೆಯದು ಎರೆಭೂಮಿ, ಕಣ್ಣು ಹಾಯುವಷ್ಟು ದೂರ ಬಯಲು. ಅಲ್ಲಿ ಮಣ್ಣು ಕೆಂಪಗಾಗುತ್ತ, ಗಿಡಮರ ಹೆಚ್ಚಾಗುತ್ತ ಹೋಗುತ್ತದೆ. ರಾಮದುರ್ಗದ ಬಂಡೆಗಳ ನಡುವೆ ಬೆಳೆದ ನನಗೆ ಅಷ್ಟು ಹಸಿರು ನೋಡಿ ಕಣ್ಣು ತಂಪಾಯಿತು. ಟೆಂಪೋದವನು ಗುಡ್ಡದ ಬುಡದ ಹಳ್ಳಿಯಲ್ಲಿ ನಮ್ಮನ್ನು ಇಳಿಸಿ, "ಮ್ಯಾಲಿನ ತಾಯಿಗೆ ನಂದೂ ಒಂದು ನಮಸ್ಕಾರ ಹೇಳ್ರಿ" ಎಂದು ಹೋದ. ಅವನ ಹಣೆಯ ಮೇಲೆ ಎಲ್ಲಮ್ಮನ ಭಂಡಾರ ಇತ್ತು.

ಏರು ಕಡಿದಾಗಿರಲಿಲ್ಲ, ಉದ್ದವಾಗಿತ್ತು. ಕೆಂಪು ಕಲ್ಲಿನ ಮೆಟ್ಟಿಲುಗಳು ಮಂದಿಯ ಕಾಲು ತಾಗಿ ತಾಗಿ ನಡುವೆ ತಗ್ಗಾಗಿದ್ದವು. ಅಲ್ಲಲ್ಲಿ ಮರದ ಶಿಲುಬೆ ನೆಟ್ಟಿದ್ದರು. ಪ್ರತಿ ಶಿಲುಬೆಯ ಮುಂದೆಯೂ ಸಿಸ್ಟರ್ ನಿಂತು ಬಾಯಲ್ಲೇ ಏನೋ ಅನ್ನುತ್ತಿದ್ದರು, ಪಕ್ಕದಲ್ಲಿ ಅತ್ತೆಯೂ ನಿಂತು ಕೈ ಮುಗಿಯುತ್ತಿದ್ದರು. ಚಪ್ಪಲಿಯನ್ನು ಅತ್ತೆ ಬುಡದಲ್ಲೇ ಬಿಟ್ಟು ಬಂದಿದ್ದರು. ನಮ್ಮ ಮನೆಯವರು ಬುತ್ತಿ ಹೊತ್ತುಕೊಂಡು ಏದುಸಿರು ಬಿಡುತ್ತಿದ್ದರೆ, ಅವರ ತಾಯಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಮುಂದೆ.

"ಯವ್ವಾ, ಸ್ವಲ್ಪ ನಿಂದ್ರ."

"ನಿಂದ್ರಾಕ ಬಂದೀಯೇನು? ಬಾ."

ನೆತ್ತಿಗೆ ಬಂದಾಗ ಗಾಳಿ ಎದುರಿಗೆ ಬಂದು ಅಪ್ಪಿತು. ಇಗರ್ಜಿ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಕೆಂಪು ಕಲ್ಲಿನ ದಪ್ಪ ಗೋಡೆ, ಅದಕ್ಕೆ ಸುಣ್ಣ, ಮೇಲೆ ನಾಡಹೆಂಚು. ಮುಂದೆ ಒಂದು ಗಂಟೆಯ ಗೋಪುರ, ಪಕ್ಕದಲ್ಲಿ ದೊಡ್ಡ ಮಾವಿನ ಮರ, ಅದು ಹೂ ಬಿಟ್ಟು ಘಮ ಘಮ ಅನ್ನುತ್ತಿತ್ತು. ಕೆಳಗೆ ಗದ್ದೆ, ಕೆರೆ, ದೂರದಲ್ಲಿ ಕಾಡಿನ ಕಪ್ಪು ಗೆರೆ. ಕೂಸು ಗಾಳಿಗೆ ಬಾಯಿ ತೆರೆದು ನಕ್ಕಿತು.

ಒಬ್ಬ ವಯಸ್ಸಾದ ಪಾದ್ರಿ ಮಾವಿನ ಕೆಳಗೆ ಕುರ್ಚಿ ಹಾಕಿಕೊಂಡು ತಮ್ಮ ನಿಲುವಂಗಿಗೆ ತಾವೇ ಗುಂಡಿ ಹೊಲಿಯುತ್ತ ಕುಳಿತಿದ್ದರು. ಗೋವಾದ ಕಡೆಯವರಾದರೂ ಆಯುಷ್ಯವೆಲ್ಲ ಈ ಸೀಮೆಯಲ್ಲೇ ಕಳೆದವರು, ಸೂಜಿಯನ್ನು ಕಾಲರಿಗೆ ಚುಚ್ಚಿ ಎದ್ದು, "ಬರ್ರಿ ಬರ್ರಿ, ಕುಂಡ್ರರಿ. ನೀರು ಕುಡೀರಿ ಮೊದಲ" ಎಂದರು. ಅತ್ತೆ ಅವರ ಕಾಲು ಮುಟ್ಟಿ ನಮಸ್ಕರಿಸಿ, "ಅಜ್ಜಾರ, ನಾವು ಉಡಿ ತಂದೇವ್ರಿ" ಎಂದರು. ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಅನ್ನುತ್ತೇವೆ. ಪಾದ್ರಿಗೂ ಆ ದಿನದಿಂದ ನಮ್ಮ ಮನೆಯಲ್ಲಿ ಅದೇ ಹೆಸರು.

ಅಜ್ಜಾರು ನಮ್ಮನ್ನು ಒಳಗೆ ಕರೆದೊಯ್ದರು. ಒಳಗೆ ತಂಪು, ಮೇಣದ ವಾಸನೆ. ಕಿಟಕಿಯ ಬಣ್ಣದ ಗಾಜಿನಿಂದ ನೆಲದ ಮೇಲೆ ಕೆಂಪು ನೀಲಿ ತುಂಡುಗಳು ಬಿದ್ದಿದ್ದವು. ಎದುರಿಗೆ ಮರದ ಮಂಟಪದಲ್ಲಿ ತಾಯಿ ನಿಂತಿದ್ದಳು. ನಾನು ಕ್ಯಾಲೆಂಡರಿನಲ್ಲಿ ಕಂಡವಳಿಗಿಂತ ಬೇರೆ. ಎತ್ತರ ಒಂದು ಮೊಳವೋ ಒಂದೂವರೆ ಮೊಳವೋ, ಕರಿ ಮರದ ಮೂರ್ತಿ, ಬಣ್ಣ ಅಲ್ಲಲ್ಲಿ ಹೋಗಿ, ಮೂಗು ಸವೆದು ನಮ್ಮ ಕಡೆಯ ಹೊಲಗೆಲಸದ ಹೆಂಗಸಿನ ಹಾಗೆ ಕಾಣುತ್ತಿದ್ದಳು. ಕೂಸು ಅವಳ ಎಡ ಬಗಲಲ್ಲಿತ್ತು.

"ಬಹಳ ಹಿಂದ, ಗೋವಾದಾಗ ತ್ರಾಸ ಆಗಿ, ಒಂದಿಷ್ಟು ಮಂದಿ ಘಟ್ಟ ಹತ್ತಿ ಈ ಕಡೆ ಬಂದ್ರಂತ" ಎಂದು ಅಜ್ಜಾರು ಹೇಳಿದರು. "ಹಾದ್ಯಾಗ ಯಾರರ ಹಿಡದಾರು ಅಂತ ಒಬ್ಬಾಕಿ ಹೆಣ್ಣಮಗಳು ಬುಟ್ಟ್ಯಾಗ ಅಕ್ಕಿ ತುಂಬಿ, ಆ ಅಕ್ಕಿಯೊಳಗ ಈ ತಾಯಿನ್ನ ಮುಚ್ಚಿ, ತಲೀ ಮ್ಯಾಲೆ ಹೊತಗೊಂಡು ಬಂದ್ಲಂತ. ಈ ಗುಡ್ಡದ ಮ್ಯಾಲೆ ಬುಟ್ಟಿ ಇಳಿಸಿದ್ಲು. ನನ್ನ ಹಿಂದಿನ ಪಾದ್ರಿಗೋಳು ಹೇಳಿದ್ದು, ಅವರಿಗೆ ಅವರ ಹಿಂದಿನವರು ಹೇಳಿದ್ದು. ಖರೇನೋ ಸುಳ್ಳೋ, ನನಗಂತೂ ಇಷ್ಟ."

ಅತ್ತೆಯ ಮುಖ ಅರಳಿತು. "ಹಂಗಾದ್ರ ಅಕ್ಕ್ಯಾಗ ಕುಂತು ಬಂದಾಕಿ! ಉಡಿ ಅಂದ್ರ ಏನಂತ ಈಕಿಗೆ ಯಾರೂ ಹೇಳಬೇಕಾಗಿಲ್ಲ ಬಿಡ್ರಿ" ಎಂದು ನನ್ನ ಕಡೆ ಹೊರಳಿ ಕಣ್ಣು ಹೊಡೆದರು. ನನ್ನ ಅತ್ತೆ ಕಣ್ಣು ಹೊಡೆದರು! ನಾನು ಬೆರಗಾಗಿ ನಮ್ಮ ಮನೆಯವರನ್ನು ನೋಡಿದೆ. ಅವರೂ ಬೆರಗಾಗಿದ್ದರು.

ಈಗ ಒಂದು ತೊಡಕು ಎದುರಾಯಿತು. ಉಡಿ ತುಂಬಬೇಕೆಂದರೆ ಉಡಿ ಬೇಕು. ತಾಯಿ ನಿಂತಿದ್ದಾಳೆ, ಎರಡೂ ಕೈ ಕೂಸಿನ ಮೇಲಿವೆ, ಸೆರಗೆಲ್ಲ ಮರದಲ್ಲಿ ಕೆತ್ತಿದ್ದು. ಅಜ್ಜಾರು ಗಡ್ಡ ಕೆರೆದುಕೊಂಡು, "ಪಾದದ ಹತ್ರ ಇಡ್ರಿ, ನಾ ಪ್ರಾರ್ಥನಾ ಮಾಡ್ತೇನಿ. ತಾಯಿಗೆ ಮುಟ್ಟತೈತಿ" ಎಂದರು.

"ಉಡಿ ಪಾದಕ್ಕ ಇಡ್ತಾರೇನ್ರಿ ಅಜ್ಜಾರ? ಕಾಯಿ ಕರ್ಪೂರ ಆದ್ರ ಇಡಬೋದು. ಉಡಿ ಅಂದ್ರ ಆಕಿ ಸೆರಗೊಡ್ಡಬೇಕು, ನಾವು ತುಂಬಬೇಕು."

"ಸೆರಗೊಡ್ಡು ಅಂತ ಈ ತಾಯಿಗೆ ನಾ ಹೆಂಗ ಹೇಳ್ಲಿ?"

ನಾನು ಗಂಟು ಹಿಡಿದುಕೊಂಡು ನಿಂತೇ ಇದ್ದೆ. ಅತ್ತೆ ಮೂರ್ತಿಯನ್ನು ನೋಡಿದರು, ಅವಳ ಬಗಲ ಕೂಸನ್ನು ನೋಡಿದರು. ಆಮೇಲೆ ಹಿಂದೆ ಹೊರಳಿ, ಮೊದಲ ಬೆಂಚಿನ ಬಳಿ ನನ್ನ ಮಗಳನ್ನು ಬಗಲಲ್ಲಿಟ್ಟುಕೊಂಡು ನಿಂತಿದ್ದ ಸಿಸ್ಟರನ್ನು ನೋಡಿದರು. ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದು, "ಸಿಸ್ಟರವ್ವ, ಬಾ ಇಲ್ಲೆ" ಎಂದರು.

ಸಿಸ್ಟರ್ ಬಂದರು.

"ಇಲ್ಲೆ ಕುಂಡ್ರು, ತಾಯಿ ಮುಂದ. ನಿನ್ನ ಉಡಿ ತುಂಬಸ್ತೇನಿ."

ಸಿಸ್ಟರ್ ಗಾಬರಿಯಾದರು. "ನಾನಾ? ಅಯ್ಯೋ ಅಮ್ಮ, ನಾನು ಮದುವೆ ಇಲ್ಲ! ಸಿಸ್ಟರ್ ಆದ ಮೇಲೆ ಇದೆಲ್ಲ ಇಲ್ಲ!"

"ಮದುವಿ ಇಲ್ಲದಿದ್ರ ಏನಾತು? ಆ ತಾಯಿ ಒಂದು ಕೂಸು ಎತ್ಕೊಂಡಾಳ. ನೀ ಊರ ಕೂಸೆಲ್ಲ ಎತ್ಕೊಂಡಿ. ಆ ದಿನ ಈ ಕೂಸಿನ ಬಾಯಾಗ ಉಸರು ಊದಿದಾಕಿ ಯಾರು? ನಾ ಕಣ್ಣಾರೆ ಕಂಡೇನಿ. ನಿನ್ನ ಉಡಿ ಬ್ಯಾರೆ ಅಲ್ಲ, ಆಕಿ ಉಡಿ ಬ್ಯಾರೆ ಅಲ್ಲ. ಅಜ್ಜಾರ, ನಾ ಹೇಳೂದು ತಪ್ಪೈತೇನ್ರಿ?"

ಅಜ್ಜಾರು ಸಿಸ್ಟರನ್ನು ನೋಡಿದರು, ತಾಯಿಯನ್ನು ನೋಡಿದರು. "ತಪ್ಪು ಅನ್ನಾಕ ನನಗ ಬಾಯಿ ಬರವಲ್ದು" ಎಂದರು.

ಸಿಸ್ಟರ್ ಮೊಣಕಾಲೂರಿ ಕುಳಿತರು. ಮುಖ ಕೆಂಪಾಗಿತ್ತು. ಕೂಸನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ತಮ್ಮ ಬಿಳಿ ನಿಲುವಂಗಿಯ ಮುಂಭಾಗವನ್ನು ಎರಡೂ ಕೈಯಿಂದ ಹಿಡಿದು ಜೋಳಿಗೆಯಂತೆ ಒಡ್ಡಿದರು. ನಾನು ಗಂಟು ಬಿಚ್ಚಿ ಮುಂದೆ ಹೋದೆ. ಅತ್ತೆ ಕಂಬದ ಹತ್ತಿರ ಸರಿದು ನಿಂತರು.

"ಇವರು ಯಾಕೆ? ನೀವು ಹಾಕಿ ಅಮ್ಮ" ಎಂದರು ಸಿಸ್ಟರ್.

"ನಾ ತುಂಬೂ ಹಂಗಿಲ್ಲವಾ. ನನಗ ಗಂಡ ಇಲ್ಲ. ಗಂಡ ಇದ್ದಾಕೀನ ತುಂಬಬೇಕು."

ಇದು ಅರ್ಥವಾಗಲು ಸಿಸ್ಟರಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಕನ್ನಡಕದ ಮೇಲಿನಿಂದ ಅತ್ತೆಯನ್ನು ನೋಡಿ, ತುಂಬ ಸಹಜವಾಗಿ ಅಂದರು: "ನಿಮಗೂ ಗಂಡ ಇಲ್ಲ, ನನಗೂ ಗಂಡ ಇಲ್ಲ. ಸರಿ ಆಯ್ತಲ್ಲ! ನೀವೇ ಹಾಕಬೇಕು. ಇಲ್ಲ ಅಂದರೆ ನಾನು ಏಳುತ್ತೇನೆ."

ಅಜ್ಜಾರು ಮೊದಲು ನಕ್ಕರು. ಆಮೇಲೆ ನಮ್ಮ ಮನೆಯವರು. ಅತ್ತೆ ಮಾತ್ರ ನಗಲಿಲ್ಲ. ಕಂಬಕ್ಕೆ ಕೈ ಊರಿ ನಿಂತೇ ಇದ್ದರು. ನಾನು ಅವರ ಹತ್ತಿರ ಹೋಗಿ, ಬಿಚ್ಚಿದ ಗಂಟನ್ನು ಅವರ ಕೈಯಲ್ಲಿಟ್ಟು, "ಅತ್ತೀ, ತುಂಬ್ರಿ" ಎಂದೆ. ನಾನು ಅವರಿಗೆ ಇಂಥದು ಮಾಡಿರಿ ಎಂದು ಹೇಳಿದ್ದು ಅದೇ ಮೊದಲು. ಅವರು ನನ್ನ ಮುಖ ನೋಡಿದರು. ನಾನು ಮತ್ತೆ ಅಂದೆ, "ಹರಕಿ ನಿಮ್ಮದ ಐತಿ. ಕೈಯೂ ನಿಮ್ಮದ ಇರಲಿ."

ಅತ್ತೆ ಸೆರಗನ್ನು ಹೊದ್ದು ಸರಿ ಮಾಡಿಕೊಂಡರು. ಮುಂದೆ ಹೋಗಿ ಸಿಸ್ಟರ್ ಎದುರು ಕುಳಿತರು. ಮೊದಲು ಸೀರೆ ಖಣ ಇಟ್ಟರು, ಆಮೇಲೆ ಎರಡೂ ಕೈಯಿಂದ ಅಕ್ಕಿ ಸುರಿದರು. ಒಂದಿಷ್ಟು ಕಾಳು ನೆಲಕ್ಕೆ ಬಿದ್ದು ಆ ಬಣ್ಣದ ಬೆಳಕಿನಲ್ಲಿ ಉರುಳಿದವು. ಕೊಬ್ಬರಿ, ಉತ್ತತ್ತಿ, ಅಡಿಕೆ, ಬೆಲ್ಲ ಒಂದೊಂದಾಗಿ ಇಡುತ್ತ ಹೋದಂತೆ ಕೈ ಹದಕ್ಕೆ ಬಂತು. ಎಷ್ಟೋ ವರ್ಷ ಮಾಡದ ಕೆಲಸ, ಆದರೆ ಬೆರಳಿಗೆ ಮರೆತಿರಲಿಲ್ಲ. ಬಾಯಲ್ಲಿ ತನ್ನಷ್ಟಕ್ಕೆ ಹಾಡು ಬಂತು. ನಮ್ಮ ಓಣಿಯ ಹೆಂಗಸರು ಬಸುರಿಯ ಕುಬಸದ ಕಾರ್ಯದಲ್ಲಿ ಹಾಡುವ ದಾಟಿ ಅದು, ಆದರೆ ಮಾತು ಅಲ್ಲೇ ಕಟ್ಟಿದ್ದು. ಘಟ್ಟ ಹತ್ತಿ ಬಂದ ತಾಯಿ, ಅಕ್ಕಿಬುಟ್ಟಿಯ ತಾಯಿ, ಕನ್ನಡಕದ ತಂಗಿಯನ್ನು ಕಳಿಸಿದ ತಾಯಿ. ಅವರಿಗೆ ಅಂಥ ದನಿ ಇದೆ ಎಂದು ಆ ಮನೆಗೆ ಸೊಸೆಯಾಗಿ ಬಂದ ನನಗೆ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಸಿಸ್ಟರ್ ಕಣ್ಣಿಂದ ನೀರು ಇಳಿಯುತ್ತಿತ್ತು, ಎರಡೂ ಕೈಯಲ್ಲಿ ಉಡಿ ಇದ್ದುದರಿಂದ ಒರೆಸಿಕೊಳ್ಳಲೂ ಆಗದೆ ನಗುತ್ತಿದ್ದರು.

ಕೊನೆಗೆ ಬಳೆ ಉಳಿಯಿತು. ಅತ್ತೆ ಸಿಸ್ಟರ್ ಕೈ ಹಿಡಿದರು. ಸಿಸ್ಟರ್ ಅಂಜುತ್ತ ಅಜ್ಜಾರ ಕಡೆ ನೋಡಿದರು. ಅಜ್ಜಾರು ಅದೇ ಹೊತ್ತಿಗೆ ಕಿಟಕಿಯ ಹೊರಗೆ ಏನೋ ಕಂಡವರಂತೆ ಅತ್ತ ಹೊರಳಿ, "ಮಾವು ಈ ವರ್ಷ ಭಾಳ ಹೂ ಬಿಟ್ಟೈತಿ" ಎಂದರು. ಅವರು ಮಾವು ನೋಡಿ ಮುಗಿಸುವಷ್ಟರಲ್ಲಿ ಸಿಸ್ಟರ್ ಕೈ ತುಂಬ ಹಸಿರು ಬಳೆ.

ಅಷ್ಟಕ್ಕೆ ಮುಗಿಯಿತೆಂದುಕೊಂಡೆವು. ಅತ್ತೆ ಬಾಗಿಲ ಮೇಲೆ, ಮಂಟಪದ ಮೇಲೆ ಹುಡುಕುತ್ತ, "ಗಂಟಿ ಎಲ್ಲೈತ್ರಿ? ಗಂಟಿ ಬಾರಿಸದ ಹೊರಗ ಹೆಂಗ ಹೋಗೂದು?" ಎಂದರು. ಅಜ್ಜಾರಿಗೂ ಆ ಹೊತ್ತಿಗೆ ಹುಮ್ಮಸ್ಸು ಬಂದಿತ್ತು. ಗೋಪುರದ ಕೆಳಗೆ ಕರೆದೊಯ್ದು, ಮೇಲಿನಿಂದ ಇಳಿಬಿದ್ದ ಹಗ್ಗ ತೋರಿಸಿ, "ಮೆಲ್ಲಕ ಒಂದ ಸಲ ಜಗ್ಗ್ರಿ. ದೊಡ್ಡ ಗಂಟಿ ಐತಿ" ಎಂದರು.

ಜೀವಮಾನವೆಲ್ಲ ಆಳದ ಬಾವಿಯಿಂದ ನೀರು ಸೇದಿದ ಕೈ ಅದು. ಅತ್ತೆ ಒಮ್ಮೆ ಜಗ್ಗಿದ್ದಕ್ಕೆ ಗಂಟೆ ಗುಡ್ಡ ನಡುಗುವಂತೆ ಢಣ್ಣೆಂದಿತು. ಮಾವಿನ ಮರದ ಹಕ್ಕಿಗಳೆಲ್ಲ ಹಾರಿದವು. ಕೂಸು ಬೆಚ್ಚಿ, ಆಮೇಲೆ ಕೇಕೆ ಹಾಕಿತು. ಮೊಮ್ಮಗಳು ಕೇಕೆ ಹಾಕಿದ್ದೇ ತಡ, ಅಜ್ಜಿ ಮತ್ತೆ ಜಗ್ಗಿದರು. ಮತ್ತೆ ಮತ್ತೆ ಜಗ್ಗಿದರು. "ಸಾಕ್ರಿ, ಸಾಕ್ರಿ ತಾಯಿ!" ಎಂದು ಅಜ್ಜಾರು ಕೂಗಿದ್ದು ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕೊನೆಗೆ ಅವರೇ ಹಗ್ಗ ಹಿಡಿದು ಜೋತುಬಿದ್ದರು.

ಅಷ್ಟರಲ್ಲಿ ಕೆಳಗಿನ ಹಳ್ಳಿಯಿಂದ ಮಂದಿ ಓಡಿಬರುವುದು ಕಾಣಿಸಿತು. ಆ ಊರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದರೆ ಒಂದೋ ಬೆಂಕಿ ಬಿದ್ದಿದೆ, ಇಲ್ಲವೇ ಯಾರೋ ಸತ್ತಿದ್ದಾರೆ ಎಂದು ಅರ್ಥವಂತೆ. ಗಂಡಸರು ಕುಡಗೋಲು ಸಮೇತ ಹೊಲದಿಂದ ನೇರವಾಗಿ ಬಂದಿದ್ದರು, ಹೆಂಗಸರ ತಲೆಯ ಮೇಲೆ ನೀರಿನ ಕೊಡ. ಮುಂದಿದ್ದ ಮುದುಕ ಎದೆ ಹಿಡಿದುಕೊಂಡು ಕೇಳಿದ: "ಫಾದರ್, ಯಾರು ಹೋದ್ರು?"

"ಯಾರೂ ಹೋಗಿಲ್ಲೋ. ಒಂದು ಕೂಸು ಬಂದೈತಿ" ಎಂದರು ಅಜ್ಜಾರು.

ಆಮೇಲೆ ಒಬ್ಬ ಹೆಂಗಸು ಕೊಡ ಕೆಳಗಿಟ್ಟು ನಗತೊಡಗಿದಳು, ಅವಳಿಂದ ಎಲ್ಲರಿಗೂ ಹತ್ತಿತು. ಸಿಸ್ಟರ್ ನಡೆದದ್ದನ್ನೆಲ್ಲ ತಮ್ಮ ಕನ್ನಡದಲ್ಲಿ ಹೇಳಿದರು, ತಿಳಿಯದವರಿಗೆ ಅಜ್ಜಾರು ಕೊಂಕಣಿಯಲ್ಲಿ ಹೇಳಿದರು. ಹೆಂಗಸರು ನನ್ನ ಮಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದರು. ಅತ್ತೆ ನಾಚಿಕೊಂಡು, "ತಪ್ಪಾತ್ರಿ, ಕೆಲಸ ಬಿಡಿಸಿ ಓಡಿಸಿದೆ" ಎಂದರೆ, ಆ ಮುದುಕ, "ಇರಲಿ ಬಿಡವ್ವಾ. ಸಾವಿಗೆ ಓಡಿ ಬರೂದು ಇದ್ದದ್ದ. ಇಂಥಾದ್ದಕ್ಕ ಯಾವಾಗ ಓಡಿ ಬರಬೇಕು?" ಎಂದ.

ಬುತ್ತಿ ಬಿಚ್ಚಿದೆವು. ಅಷ್ಟು ಮಂದಿಗೆ ನಮ್ಮ ಹೋಳಿಗೆ ಎಲ್ಲಿ ಸಾಲಬೇಕು? ಅತ್ತೆ ಅವನ್ನು ತುಂಡು ಮಾಡಿ ಎಲ್ಲರ ಕೈಗೂ ಪ್ರಸಾದದಂತೆ ಇಟ್ಟರು. ಹಳ್ಳಿಯವರು ಕೆಳಗೆ ಹೋಗಿ ಕೆಂಪಕ್ಕಿ ಅನ್ನ, ಸೊಪ್ಪಿನ ಸಾರು, ಬಾಳೆಹಣ್ಣಿನ ಗೊನೆ ತಂದರು. ನಾವು ಮಾಂಸ ತಿನ್ನದವರೆಂದು ಯಾರೋ ಮೊದಲೇ ಹೇಳಿದ್ದರು. ಅಜ್ಜಾರು ಶೇಂಗಾ ಚಟ್ನಿ ಹಚ್ಚಿಕೊಂಡು ಕಟಕ ರೊಟ್ಟಿ ಕಡಿಯುತ್ತ, "ನನ್ನ ಹಲ್ಲು ಇಷ್ಟು ದಿನ ಉಳಿದದ್ದು ಇದಕ್ಕ ಅಂತ ಕಾಣಸ್ತೈತಿ" ಎಂದರು. ಬಳೆಯ ಕೈಯಿಂದ ಸಿಸ್ಟರ್ ಮೊಸರು ಬಡಿಸಿದರು. ಆ ಊರ ಹೆಂಗಸರು ತಮ್ಮ ಹಾಡು ಹಾಡಿದರು, ಅತ್ತೆಗೂ ಮತ್ತೆ ಹಾಡಲು ಹಚ್ಚಿದರು. ಯಾರೂ ಸೂರ್ಯನ ಕಡೆ ನೋಡಲಿಲ್ಲ.

ಹೀಗಾಗಿ ನಾವು ಕಿತ್ತೂರಿಗೆ ಮರಳಿದಾಗ ಬೈಲಹೊಂಗಲದ ಬಸ್ಸು ಹೋಗಿಯಾಗಿತ್ತು. ಸಿಸ್ಟರ್ ಗುಡ್ಡದ ಮೇಲೆಯೇ ಉಳಿದಿದ್ದರು. ಕೂಸನ್ನು ಎತ್ತಿಕೊಂಡು ಏನು ಮಾಡುವುದೆಂದು ನಿಂತಾಗ, ಅರಳೆ ತುಂಬಿದ ದೊಡ್ಡ ಚೀಲಗಳ ಅಂಡಿಗೆ ಹೇರಿಕೊಂಡ ಲಾರಿಯೊಂದು ಚಹಾದಂಗಡಿಯ ಮುಂದೆ ನಿಂತದ್ದು ನಮ್ಮ ಮನೆಯವರ ಕಣ್ಣಿಗೆ ಬಿತ್ತು. ನಮ್ಮೂರ ಜಿನ್ನಿಗೇ ಹೊರಟ ಮಾಲು, ಡ್ರೈವರ್ ಗುರುತಿನವನು.

"ಮೇಸ್ತ್ರಿ, ಕ್ಯಾಬಿನ್ನಿನಾಗ ಇಬ್ಬರಿಗೆ ಜಾಗ ಐತಿ. ಅಕ್ಕಾರು, ಅಮ್ಮಾರು ಕುಂಡ್ರಲಿ. ನೀವು ಮ್ಯಾಲೆ ಹತ್ತರಿ" ಎಂದ ಅವನು.

"ನಾನೂ ಮ್ಯಾಲೆ" ಎಂದರು ಅತ್ತೆ.

"ಯವ್ವಾ, ಈ ವಯಸ್ಸಿನಾಗ..."

"ಗುಡ್ಡ ಹತ್ತಿದಾಕಿಗೆ ಲಾರಿ ಏನು ಹೆಚ್ಚು?" ಎಂದು ಅತ್ತೆ ಆಗಲೇ ಲಾರಿಯ ಗಾಲಿಯ ಮೇಲೆ ಕಾಲಿಟ್ಟಿದ್ದರು. ಅವರು ಮೇಲೆ ಹೋದ ಮೇಲೆ ನಾನು ಕೆಳಗೆ ಕುಳಿತುಕೊಳ್ಳುವುದೇ? ನಿಧಾನವಾಗಿ ಓಡಿಸುತ್ತೇನೆಂದು ಡ್ರೈವರನಿಂದ ಆಣೆ ಮಾಡಿಸಿಕೊಂಡು ನಾನೂ ಹತ್ತಿದೆ. ಅಂಡಿಗೆಗಳ ನಡುವೆ ತಗ್ಗು ಮಾಡಿಕೊಂಡು, ಕೂಸನ್ನು ನಡುವಿಟ್ಟುಕೊಂಡು ಮೂವರೂ ಹುದುಗಿ ಕುಳಿತೆವು. ಕೆಳಗೆ ಮೆತ್ತನೆಯ ಅರಳೆ, ಬಿಸಿಲು ಕುಡಿದು ಬೆಚ್ಚಗಿತ್ತು. ಲಾರಿ ಹೊರಟಿತು. ರಸ್ತೆಬದಿಯ ಬೇವಿನ ಮರದ ಕೊಂಬೆಗಳು ನಮ್ಮ ತಲೆಯ ಮೇಲೆಯೇ ಹಾದುಹೋದವು. ಎರಡೂ ಕಡೆ ಕರಿ ಹೊಲ, ಬಿಡಿಸದೆ ಉಳಿದ ಹತ್ತಿ ಅಲ್ಲಲ್ಲಿ ಬೆಳ್ಳಗೆ, ಪಡುವಣದಲ್ಲಿ ಕೆಂಪು.

ಅತ್ತೆ ಅಂಡಿಗೆಗೆ ಒರಗಿ, ಸೆರಗು ಗಾಳಿಗೆ ಬಿಟ್ಟು, ಆಕಾಶ ನೋಡುತ್ತಿದ್ದರು. ತುಸು ಹೊತ್ತಿನ ಮೇಲೆ ನನ್ನನ್ನು ಮೊಣಕೈಯಿಂದ ತಿವಿದು ಕೇಳಿದರು:

"ನಿಮ್ಮ ರಾಮದುರ್ಗದ ಕಡೆ ತೊರಗಲ್ಲ ಕೋಟಿ ಐತಂತಲ್ಲ. ಭಾಳ ದೊಡ್ಡದೇನು?"

"ದೊಡ್ಡದೈತ್ರಿ. ಸಣ್ಣಾಕಿದ್ದಾಗ ಹೋಗಿದ್ದೆ."

"ಅಲ್ಲಿ ಯಾವ ದೇವರ ಹರಕಿ ಇಲ್ಲ ನಂದು."

"ಇಲ್ಲರಿ?"

"ಇಲ್ಲ. ಸುಮ್ಮನ ನೋಡಬೇಕನಸ್ತೈತಿ. ಕರಕೊಂಡು ಹೋಗ್ತಿಯೇನು?"

"ಹೋಗೂಣ್ರಿ" ಎಂದೆ.

ಮುಂದಿನ ಚಳಿಗಾಲ ನಾವಿಬ್ಬರೇ ಹೋದೆವು, ನಡೆಯಲು ಕಲಿತ ಮಗಳನ್ನು ಕರೆದುಕೊಂಡು. ಅತ್ತೆ ಕೋಟೆಯ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಚುರುಮುರಿ ತಿನ್ನುತ್ತ, ಕೆಳಗಿನ ಊರಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿದೆ, ಯಾರ ಎಮ್ಮೆ ಹಗ್ಗ ಹರಿದುಕೊಂಡಿದೆ ಎಂದು ಒಂದೊಂದನ್ನೇ ನನಗೆ ತೋರಿಸಿದರು.